ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ: ಬೆನ್ನುಹುರಿ ಪೆಟ್ಟು ಮತ್ತು ಸ್ವಾವಲಂಬಿ ಬದುಕು

ಅಡಿಕೆ ಅಥವಾ ತೆಂಗಿನ ಮರದಿಂದ ಬಿದ್ದವರು, ಕಟ್ಟಡದ ಸಾರುವೆಯಿಂದ ಜಾರಿದವರು, ರಸ್ತೆ ಅಪಘಾತಕ್ಕೆ ಸಿಕ್ಕವರು, ಇವರಲ್ಲಿ ಕೆಲವರಿಗೆ ಬೆನ್ನುಮೂಳೆ ಮುರಿದು ಅದರೊಳಗಿನ ಬೆನ್ನುಹುರಿಗೂ ಪೆಟ್ಟಾಗುತ್ತದೆ. ಹೀಗೆ ಪೆಟ್ಟು ತಿನ್ನುವವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನ ಗಂಡಸರು. ಮನೆಯ ಭಾರ ಹೊತ್ತವರು. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಮುರಿದ ಮೂಳೆಗೆ ರಾಡು, ಸ್ಕ್ರೂ ಹಾಕುತ್ತಾರೆ. ಕೆಲವು ವಾರಗಳ ನಂತರ ಡಿಸ್ಚಾರ್ಜ್ ಚೀಟಿ ಕೈಗೆ ಬರುತ್ತದೆ. ‘ಫಿಜಿಯೋಥೆರಪಿ ಮುಂದುವರಿಸಿ’ ಎಂದು ಅದರಲ್ಲಿ ಒಂದು ಸಾಲು ಇರುತ್ತದೆ. ಆಂಬುಲೆನ್ಸ್ ಮನೆಯ ಮುಂದೆ ಇಳಿಸಿ ಹೋಗುತ್ತದೆ.

ನಿಜವಾದ ಪರೀಕ್ಷೆ ಆರಂಭವಾಗುವುದು ಅಲ್ಲಿಂದ. ಮಲಗಿದವರನ್ನು ಹೇಗೆ ಹೊರಳಿಸಬೇಕು? ಮೂತ್ರದ ಪೈಪನ್ನು ಎಷ್ಟು ದಿನ ಇಡಬೇಕು? ಬೆನ್ನ ಕೆಳಗೆ ಕಾಣಿಸಿದ ಕೆಂಪು ಕಲೆ ಏನು? ಇನ್ನು ನಡೆಯುತ್ತಾರೆಯೇ, ಇಲ್ಲವೇ? ಕೇಳಲು ಹತ್ತಿರದಲ್ಲಿ ಯಾರೂ ಇರುವುದಿಲ್ಲ. ಈ ಹಂತದಲ್ಲಿ ನೆರವಿಗೆ ಬರುವವರು ಸಮುದಾಯ ಆಧಾರಿತ ಪುನರ್ವಸತಿ ಸಂಸ್ಥೆಗಳ ಕಾರ್ಯಕರ್ತರು. ಅವರು ಏನು ಮಾಡುತ್ತಾರೆ, ಅವರಿಂದ ನೀವು ಏನನ್ನು ಕಲಿಯಬೇಕು ಎಂಬುದನ್ನು ಈ ವಾರ ತಿಳಿದುಕೊಳ್ಳೋಣ.

ಬೆನ್ನುಹುರಿ ಎಂದರೇನು?

ಮೆದುಳಿನಿಂದ ಕೆಳಗಿಳಿದು ಬೆನ್ನುಮೂಳೆಯ ಕಾಲುವೆಯೊಳಗೆ ಸಾಗುವ ನರಗಳ ಹಗ್ಗವೇ ಬೆನ್ನುಹುರಿ. ದೊಡ್ಡವರಲ್ಲಿ ಇದರ ಉದ್ದ ಸುಮಾರು 45 ಸೆಂಟಿಮೀಟರ್. ದಪ್ಪ ನಮ್ಮ ಕಿರುಬೆರಳಿಗಿಂತ ಹೆಚ್ಚಿಲ್ಲ. ‘ಕಾಲು ಎತ್ತು’ ಎಂಬ ಮೆದುಳಿನ ಆಜ್ಞೆ ಇದರ ಮೂಲಕ ಕೆಳಗೆ ಹೋಗುತ್ತದೆ. ‘ಕಾಲಿಗೆ ಮುಳ್ಳು ಚುಚ್ಚಿತು’ ಎಂಬ ಸುದ್ದಿ ಇದರ ಮೂಲಕವೇ ಮೇಲಕ್ಕೆ ಬರುತ್ತದೆ. ಮೂತ್ರಕೋಶ, ಕರುಳು, ರಕ್ತದೊತ್ತಡ, ಬೆವರು, ಇವುಗಳ ಹತೋಟಿಗೂ ಇದೇ ದಾರಿ.

ಕುತ್ತಿಗೆಯ ಭಾಗದಲ್ಲಿ ಪೆಟ್ಟಾದರೆ ಕೈ ಕಾಲು ನಾಲ್ಕೂ ಸೋಲುತ್ತವೆ. ಎದೆ ಅಥವಾ ಸೊಂಟದ ಭಾಗದಲ್ಲಾದರೆ ಕೈಗಳು ಉಳಿದು ಕಾಲುಗಳು ಸೋಲುತ್ತವೆ. ಹುರಿಯಲ್ಲಿ ಸ್ವಲ್ಪ ಭಾಗ ಉಳಿದಿದ್ದರೆ, ಅಂದರೆ ಪೆಟ್ಟು ಅಪೂರ್ಣವಾಗಿದ್ದರೆ, ಶಕ್ತಿ ಒಂದಿಷ್ಟು ಮರಳುವ ಸಾಧ್ಯತೆ ಹೆಚ್ಚು. ಹೀಗೆ ಮರಳುವುದರಲ್ಲಿ ಬಹುಭಾಗ ಮೊದಲ ಆರು ತಿಂಗಳಿಂದ ಒಂದು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಪೂರ್ತಿ ತುಂಡಾದ ಅಥವಾ ಜಜ್ಜಿಹೋದ ಬೆನ್ನುಹುರಿಯನ್ನು ಮೊದಲಿನಂತೆ ಮಾಡುವ ಔಷಧವಾಗಲೀ ಶಸ್ತ್ರಚಿಕಿತ್ಸೆಯಾಗಲೀ ಇಂದಿಗೂ ಇಲ್ಲ. ಕಹಿಯಾದರೂ ಈ ಮಾತನ್ನು ಮನೆಯವರು ತಿಳಿದಿರಬೇಕು. ಏಕೆಂದರೆ ‘ಸ್ಟೆಮ್ ಸೆಲ್ ಹಾಕಿ ನಡೆಸುತ್ತೇವೆ’ ಎಂದು ಲಕ್ಷಗಟ್ಟಲೆ ಕೇಳುವವರು ಇದ್ದಾರೆ. ಅನುಮತಿ ಪಡೆದ ಸಂಶೋಧನೆಯ ಹೊರಗೆ ಇಂಥ ಚಿಕಿತ್ಸೆ ಮಾರುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಒಪ್ಪುವುದಿಲ್ಲ. ಜಮೀನು ಮಾರಿ ಹಣ ಕಟ್ಟುವ ಮುನ್ನ ಸರ್ಕಾರಿ ವೈದ್ಯಕೀಯ ಕಾಲೇಜಿನ ವೈದ್ಯರನ್ನು ಒಮ್ಮೆ ಕೇಳಿ.

ಸಾವಿಗೆ ಕಾರಣ ಬೆನ್ನಲ್ಲ

ಎರಡನೇ ಮಹಾಯುದ್ಧಕ್ಕೆ ಮುಂಚೆ ಬೆನ್ನುಹುರಿ ಮುರಿದವರಲ್ಲಿ ಬಹುಪಾಲು ಜನ ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಅವರನ್ನು ಕೊಲ್ಲುತ್ತಿದ್ದುದು ಮುರಿದ ಬೆನ್ನಲ್ಲ. ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಬೆನ್ನುಹುರಿ ವಿಭಾಗ ತೆರೆದ ಡಾ. ಲುಡ್ವಿಗ್ ಗುಟ್ಮನ್ ಇದನ್ನು ಒಪ್ಪಿಕೊಳ್ಳಲಿಲ್ಲ. ಹಗಲೂ ರಾತ್ರಿ 2 ಗಂಟೆಗೊಮ್ಮೆ ರೋಗಿಯನ್ನು ಹೊರಳಿಸಬೇಕೆಂದು ನಿಯಮ ಮಾಡಿದರು. ಮಲಗಿದವರನ್ನು ಎಬ್ಬಿಸಿ ಕೂರಿಸಿದರು, ಕೆಲಸ ಕಲಿಸಿದರು, ಆಟ ಆಡಿಸಿದರು. ಅಲ್ಲಿ 1948ರಲ್ಲಿ ಗಾಲಿಕುರ್ಚಿಯವರಿಗಾಗಿ ನಡೆದ ಬಿಲ್ಲುಗಾರಿಕೆಯ ಪಂದ್ಯವೇ ಮುಂದೆ ಪ್ಯಾರಾಲಿಂಪಿಕ್ಸ್ ಆಯಿತು.

ನಮ್ಮ ದೇಶದಲ್ಲೂ ದೊಡ್ಡ ಉದಾಹರಣೆ ಇದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಯುವ ವೈದ್ಯೆ ಡಾ. ಮೇರಿ ವರ್ಗೀಸ್ 1954ರಲ್ಲಿ ವಾಹನ ಅಪಘಾತಕ್ಕೆ ಸಿಕ್ಕಿ ಎರಡೂ ಕಾಲುಗಳ ಶಕ್ತಿ ಕಳೆದುಕೊಂಡರು. ಆಮೇಲೆ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಪುನರ್ವಸತಿ ವೈದ್ಯಶಾಸ್ತ್ರದಲ್ಲಿ ತರಬೇತಿ ಪಡೆದು ಬಂದು ವೆಲ್ಲೂರಿನಲ್ಲಿ ಆ ವಿಭಾಗವನ್ನು ಕಟ್ಟಿದರು. ಅಲ್ಲಿನ ಪುನರ್ವಸತಿ ಸಂಸ್ಥೆ ಆರಂಭವಾದದ್ದು 1966ರಲ್ಲಿ.

ಸ್ವಾವಲಂಬನೆ ಎಂದರೆ ಒಂಟಿತನವಲ್ಲ

ಸ್ವಾವಲಂಬಿ ಬದುಕು ಎಂದ ಕೂಡಲೇ ‘ಎಲ್ಲವನ್ನೂ ತಾನೇ ಮಾಡಿಕೊಳ್ಳಬೇಕು’ ಎಂದು ಅನೇಕರು ತಿಳಿಯುತ್ತಾರೆ. ಇದು ಸರಿಯಲ್ಲ. ಅಮೆರಿಕದ ಎಡ್ ರಾಬರ್ಟ್ಸ್ 14ನೇ ವಯಸ್ಸಿನಲ್ಲಿ ಪೋಲಿಯೋ ತಗುಲಿ ಕುತ್ತಿಗೆಯ ಕೆಳಗೆ ಹೆಚ್ಚೇನೂ ಅಲುಗಾಡಿಸಲಾಗದ ಸ್ಥಿತಿಗೆ ಬಂದವರು. ಉಸಿರಾಟಕ್ಕೂ ಯಂತ್ರ ಬೇಕಿತ್ತು. ಅಂಥವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಓದಿ, ತಮ್ಮಂಥ ಸಂಗಡಿಗರೊಡನೆ ಸೇರಿ 1972ರಲ್ಲಿ ಬರ್ಕ್ಲಿಯಲ್ಲಿ ಸ್ವಾವಲಂಬಿ ಬದುಕಿನ ಕೇಂದ್ರವೊಂದನ್ನು ತೆರೆದರು. ಅವರ ಊಟ, ಸ್ನಾನಕ್ಕೆ ಸಹಾಯಕರು ಇದ್ದರು. ಆದರೆ ಯಾವಾಗ ಏಳಬೇಕು, ಏನು ಓದಬೇಕು, ಎಲ್ಲಿಗೆ ಹೋಗಬೇಕು ಎಂಬ ತೀರ್ಮಾನ ಅವರದೇ ಆಗಿತ್ತು. ಸ್ವಾವಲಂಬನೆಯ ತಿರುಳು ಈ ತೀರ್ಮಾನದಲ್ಲಿದೆ.

ಒಂದು ಸರಳ ಲೆಕ್ಕ ನೋಡಿ. ಒಬ್ಬರೇ ಬಟ್ಟೆ ಹಾಕಿಕೊಳ್ಳಲು ಒಂದೂವರೆ ಗಂಟೆ ಬೇಕು. ತಮ್ಮನೋ ಹೆಂಡತಿಯೋ ಕೈ ಕೊಟ್ಟರೆ ಹದಿನೈದು ನಿಮಿಷ ಸಾಕು. ಉಳಿದ ಸಮಯದಲ್ಲಿ ಅಂಗಡಿಯ ಲೆಕ್ಕ ಬರೆಯಬಹುದು, ಮಕ್ಕಳಿಗೆ ಪಾಠ ಹೇಳಿಕೊಡಬಹುದು. ಇಲ್ಲಿ ಸಹಾಯ ಪಡೆದವರೇ ಹೆಚ್ಚು ಸ್ವಾವಲಂಬಿ. ಸಹಾಯ ಬೇಡವೆಂದು ಬೀಗುವುದೂ ಬೇಡ, ಎಲ್ಲಕ್ಕೂ ಕಾಯುವುದೂ ಬೇಡ. ಅಂಗವಿಕಲರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ 19ನೇ ವಿಧಿ ಇದನ್ನೇ ಹಕ್ಕಾಗಿ ಹೇಳುತ್ತದೆ. ಭಾರತ 2007ರಲ್ಲಿ ಇದನ್ನು ಅನುಮೋದಿಸಿತು. ನಮ್ಮ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯೂ ಸಮುದಾಯದ ನಡುವೆ ಬಾಳುವ ಹಕ್ಕನ್ನು ಕೊಟ್ಟಿದೆ.

ಮನೆ ಬಾಗಿಲಿಗೆ ಬರುವವರು ಯಾರು?

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಮಂದಿ ಅಂಗವಿಕಲರಿದ್ದಾರೆ. ಇಷ್ಟು ಜನರನ್ನು ನಗರದ ಆಸ್ಪತ್ರೆಗಳಿಗೆ ಕರೆಸಿಕೊಳ್ಳುವುದು ಆಗದ ಮಾತು. ಆದ್ದರಿಂದಲೇ ಸೇವೆಯನ್ನು ಊರಿಗೆ ಒಯ್ಯುವ ಸಮುದಾಯ ಆಧಾರಿತ ಪುನರ್ವಸತಿಯ ಪದ್ಧತಿ ಬೆಳೆಯಿತು. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕಾಗಿ 1989ರಲ್ಲಿ ತರಬೇತಿ ಕೈಪಿಡಿಯನ್ನೂ 2010ರಲ್ಲಿ ಮಾರ್ಗಸೂಚಿಯನ್ನೂ ಹೊರತಂದಿತು. ನಮ್ಮಲ್ಲಿ 1959ರಲ್ಲೇ ಬೆಂಗಳೂರಿನಲ್ಲಿ ಆರಂಭವಾದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ (ಎಪಿಡಿ), 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಮುಂತಾದ ಸಂಸ್ಥೆಗಳು ಈ ಕ್ಷೇತ್ರದಲ್ಲಿ ಹೆಸರಾಗಿವೆ.

ಇಂಥ ಸಂಸ್ಥೆಯಲ್ಲಿ ಸಾಮಾನ್ಯವಾಗಿ ನಾಲ್ಕೈದು ಬಗೆಯ ಕೆಲಸಗಾರರು ಇರುತ್ತಾರೆ.

ಮೊದಲನೆಯವರು ಕ್ಷೇತ್ರ ಕಾರ್ಯಕರ್ತರು. ಇವರು ನಿಮ್ಮ ಊರಿನ ಅಥವಾ ಪಕ್ಕದ ಊರಿನವರೇ. ಬಸ್ಸಿನಲ್ಲೋ ಸ್ಕೂಟರಿನಲ್ಲೋ ಬಂದು ಮನೆಯನ್ನು ನೋಡುತ್ತಾರೆ, ಚರ್ಮ ಪರೀಕ್ಷಿಸುತ್ತಾರೆ, ವ್ಯಾಯಾಮ ಹೇಳಿಕೊಡುತ್ತಾರೆ, ಮುಂದಿನ ಭೇಟಿಯಲ್ಲಿ ಅದು ನಡೆದಿದೆಯೇ ಎಂದು ವಿಚಾರಿಸುತ್ತಾರೆ.

ಎರಡನೆಯವರು ಫಿಜಿಯೋಥೆರಪಿಸ್ಟ್ ಮತ್ತು ಆಕ್ಯುಪೇಷನಲ್ ಥೆರಪಿಸ್ಟ್. ಮೊದಲಿನವರು ಸ್ನಾಯು, ಕೀಲು, ಚಲನೆಯನ್ನು ನೋಡಿಕೊಂಡರೆ, ಎರಡನೆಯವರು ಊಟ, ಸ್ನಾನ, ಅಡುಗೆ, ಕಸುಬು ಮುಂತಾದ ದಿನನಿತ್ಯದ ಕೆಲಸಗಳನ್ನು ಹೊಸ ರೀತಿಯಲ್ಲಿ ಮಾಡಲು ಕಲಿಸುತ್ತಾರೆ.

ಮೂರನೆಯವರು ಗಾಲಿಕುರ್ಚಿ, ಕ್ಯಾಲಿಪರ್, ಊರುಗೋಲು ಮುಂತಾದ ಸಲಕರಣೆಗಳನ್ನು ಅಳತೆಗೆ ತಕ್ಕಂತೆ ಮಾಡಿಕೊಡುವ ತಂತ್ರಜ್ಞರು.

ನಾಲ್ಕನೆಯವರು ಸಮಾಜ ಕಾರ್ಯಕರ್ತರು. ಪ್ರಮಾಣಪತ್ರ, ಮಾಸಾಶನ, ಸಾಲ, ಉದ್ಯೋಗ ಇವರ ಪಾಲು.

ಐದನೆಯವರು ತಾವೂ ಅದೇ ಪೆಟ್ಟು ತಿಂದು ಬದುಕು ಕಟ್ಟಿಕೊಂಡವರು. ವೈದ್ಯರು ಹತ್ತು ಬಾರಿ ಹೇಳಿದರೂ ನಾಟದ ಮಾತು, ಗಾಲಿಕುರ್ಚಿಯಲ್ಲಿ ಬಂದು ಎದುರು ಕುಳಿತ ಇವರು ಒಮ್ಮೆ ಹೇಳಿದರೆ ನಾಟುತ್ತದೆ. ‘ನಿನಗೇನು ಗೊತ್ತು ನನ್ನ ಕಷ್ಟ’ ಎಂದು ಇವರಿಗೆ ಹೇಳುವಂತಿಲ್ಲವಲ್ಲ!

ಇವರಲ್ಲದೆ, ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಜನರ ಬಾಯಲ್ಲಿ ಇವರು ‘ವಿ.ಆರ್.ಡಬ್ಲ್ಯು.’, ‘ಎಂ.ಆರ್.ಡಬ್ಲ್ಯು.’ ಎಂದೇ ಪರಿಚಿತರು. ಇವರೂ ಅಂಗವಿಕಲರೇ, ಗೌರವಧನಕ್ಕೆ ದುಡಿಯುವವರು. ಊರುಗೋಲು ಊರಿಕೊಂಡು ಕೇರಿ ಕೇರಿ ಸುತ್ತುವ ಇವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಬೇಡಿ. ಕೂರಿಸಿ, ಕೇಳಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.

ಪಾಠ ಒಂದು: ಚರ್ಮ

ನಾವು ಕುಳಿತಲ್ಲೇ ಎಷ್ಟು ಬಾರಿ ಮಿಸುಕಾಡುತ್ತೇವೆ ಎಂದು ಗಮನಿಸಿದ್ದೀರಾ? ಒತ್ತಿದ ಜಾಗದಲ್ಲಿ ರಕ್ತ ಹರಿಯದಿದ್ದಾಗ ಚರ್ಮ ನೋವಿನ ಮೂಲಕ ದೂರು ಕೊಡುತ್ತದೆ. ನಾವು ಸರಿದು ಕೂರುತ್ತೇವೆ. ಬೆನ್ನುಹುರಿ ಪೆಟ್ಟಾದವರಿಗೆ ಆ ದೂರು ತಲುಪುವುದಿಲ್ಲ. ಕೆಲವೇ ಗಂಟೆಗಳಲ್ಲಿ ಮೂಳೆಯ ಮೇಲಿನ ಚರ್ಮ, ಮಾಂಸ ಸಾಯತೊಡಗುತ್ತವೆ. ಒಂದು ದಿನದ ಅಲಕ್ಷ್ಯದಿಂದ ಬಂದ ಹುಣ್ಣು ಮಾಯಲು ತಿಂಗಳುಗಳೇ ಬೇಕಾಗಬಹುದು. ಸೋಂಕು ಮೂಳೆಗೆ, ರಕ್ತಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ.

ಹುಣ್ಣಾಗುವ ಜಾಗಗಳು ಮುಖ್ಯವಾಗಿ ಇವು: ಬೆನ್ನಿನ ತುದಿ, ಕೂರುವ ಎಲುಬುಗಳು, ಸೊಂಟದ ಎರಡು ಪಕ್ಕ, ಹಿಮ್ಮಡಿ, ಪಾದದ ಗಂಟು.

ಕಾರ್ಯಕರ್ತರು ಕಲಿಸುವ ಕ್ರಮ ಹೀಗಿದೆ:

1. ಮಲಗಿದ್ದಾಗ ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೆಯಬಾರದು, ಎತ್ತಿ ಹೊರಳಿಸಬೇಕು. ಎಳೆದರೆ ಚರ್ಮ ಉಜ್ಜಿ ಕಿತ್ತುಬರುತ್ತದೆ. ಮಂಡಿಗಳ ನಡುವೆ ದಿಂಬು ಇಡಿ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ.

2. ಕುರ್ಚಿಯಲ್ಲಿ ಕೂತಾಗ 15ರಿಂದ 30 ನಿಮಿಷಕ್ಕೊಮ್ಮೆ ಭಾರ ಇಳಿಸಬೇಕು. ಮುಂದಕ್ಕೆ ಬಾಗಿ ಎದೆಯನ್ನು ತೊಡೆಯ ಕಡೆಗೆ ತರುವುದು, ಅಥವಾ ಒಂದು ಪಕ್ಕಕ್ಕೆ ಚೆನ್ನಾಗಿ ವಾಲಿ ಮತ್ತೆ ಇನ್ನೊಂದು ಪಕ್ಕಕ್ಕೆ ವಾಲುವುದು ಸುಲಭದ ದಾರಿ. ಪ್ರತಿ ಬಾರಿಯೂ ಒಂದೆರಡು ನಿಮಿಷ ಹಾಗೆಯೇ ಇರಬೇಕು.

3. ಬೆಳಿಗ್ಗೆ, ರಾತ್ರಿ ಚರ್ಮ ನೋಡಬೇಕು. ಹಿಡಿಕೆ ಇರುವ ಕನ್ನಡಿ ಇದ್ದರೆ ಅವರೇ ನೋಡಿಕೊಳ್ಳಬಹುದು. ಕೆಂಪು ಕಲೆಯನ್ನು ಬೆರಳಿಂದ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ ಎಂದರ್ಥ. ಹಾಗಾಗದಿದ್ದರೆ ಅದು ಹುಣ್ಣಿನ ಮೊದಲ ಮೆಟ್ಟಿಲು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿದೆಯೇ, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಿ.

4. ಕಲೆ ಕಂಡರೆ ಅದು ಹೋಗುವವರೆಗೂ ಆ ಜಾಗದ ಮೇಲೆ ಭಾರ ಬೀಳಲೇಕೂಡದು.

ಮಾಡಬಾರದ ಕೆಲಸಗಳೂ ಇವೆ. ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ. ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂರಿಸಬೇಡಿ. ಬಳೆಯಾಕಾರದ ಟ್ಯೂಬು ಸುತ್ತಲಿನ ರಕ್ತ ಸಂಚಾರವನ್ನೇ ತಡೆಯುತ್ತದೆ. ಸ್ಪರ್ಶ ತಿಳಿಯದ ಕಾಲಿಗೆ ಬಿಸಿನೀರಿನ ಶಾಖ ಕೊಡಬೇಡಿ. ಬಿಸಿ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದೂ ಬೇಡ. ಸುಟ್ಟರೂ ಗೊತ್ತಾಗುವುದಿಲ್ಲ.

ಪಾಠ ಎರಡು: ಮೂತ್ರ ಮತ್ತು ಮಲ

ಪೆಟ್ಟಾದ ಹೊಸತರಲ್ಲಿ ಮೂತ್ರಕ್ಕೆ ಪೈಪು ಹಾಕುವುದು ಅನಿವಾರ್ಯ. ಆದರೆ ಪೈಪನ್ನು ವರ್ಷಗಟ್ಟಲೆ ಒಳಗೇ ಬಿಟ್ಟರೆ ಸೋಂಕು, ಕಲ್ಲು, ಮೂತ್ರನಾಳದ ಗಾಯ ಮುಂತಾದ ತೊಂದರೆಗಳು ಬರುತ್ತವೆ. ಅಮೆರಿಕದ ಡಾ. ಜ್ಯಾಕ್ ಲ್ಯಾಪಿಡೆಸ್ ಮತ್ತು ಸಂಗಡಿಗರು 1972ರಲ್ಲಿ ಒಂದು ಸರಳ ಉಪಾಯವನ್ನು ಪ್ರಕಟಿಸಿದರು. ಸಾಬೂನಿನಿಂದ ಚೆನ್ನಾಗಿ ಕೈ ತೊಳೆದುಕೊಂಡು, ಸಣ್ಣ ಪೈಪನ್ನು ಆಗಾಗ ತಾವೇ ಹಾಕಿ ಮೂತ್ರ ಹೊರತೆಗೆದು, ಕೂಡಲೇ ತೆಗೆದುಬಿಡುವುದು. ಕೈಗಳಲ್ಲಿ ಶಕ್ತಿ ಇರುವವರಿಗೆ ಇಂದಿಗೂ ಇದೇ ಉತ್ತಮ ಕ್ರಮವೆಂದು ಪರಿಗಣಿಸಲಾಗಿದೆ.

ಸಾಮಾನ್ಯವಾಗಿ 4ರಿಂದ 6 ಗಂಟೆಗೊಮ್ಮೆ ಹೀಗೆ ಮಾಡಬೇಕು. ಒಂದು ಬಾರಿಗೆ 500 ಮಿಲಿಲೀಟರಿಗಿಂತ ಹೆಚ್ಚು ಬರುತ್ತಿದ್ದರೆ ಅಂತರ ಹೆಚ್ಚಾಯಿತೆಂದೋ ನೀರು ಒಮ್ಮೆಲೇ ಕುಡಿದಿರೆಂದೋ ಅರ್ಥ. ನೀರನ್ನು ದಿನವಿಡೀ ಹಂಚಿಕೊಂಡು ಕುಡಿಯಿರಿ. ‘ಮೂತ್ರ ಹೋಗುತ್ತದೆ’ ಎಂಬ ಭಯಕ್ಕೆ ನೀರು ಬಿಡುವುದು ಬಹಳ ಕೆಟ್ಟ ಅಭ್ಯಾಸ. ಕಲ್ಲಿಗೂ ಸೋಂಕಿಗೂ ಅದೇ ದಾರಿ. ಈ ಕ್ರಮವನ್ನು ಪುಸ್ತಕ ನೋಡಿ ಕಲಿಯಬೇಡಿ. ನರ್ಸ್ ಅಥವಾ ತರಬೇತಾದ ಕಾರ್ಯಕರ್ತರ ಎದುರು ಮಾಡಿ ತೋರಿಸಿ, ಸರಿ ಎನ್ನಿಸಿಕೊಳ್ಳಿ.

ಚಳಿ ಜ್ವರ, ಕೆಟ್ಟ ವಾಸನೆಯ ಮೂತ್ರ, ಮೂತ್ರದಲ್ಲಿ ರಕ್ತ, ಕಾಲುಗಳ ಸೆಳೆತ ಇದ್ದಕ್ಕಿದ್ದಂತೆ ಹೆಚ್ಚುವುದು, ಇವು ಸೋಂಕಿನ ಲಕ್ಷಣಗಳು. ತಡಮಾಡದೆ ವೈದ್ಯರನ್ನು ಕಾಣಿ. ಜ್ವರವಿಲ್ಲದೆ ಮೂತ್ರ ಸ್ವಲ್ಪ ಮಬ್ಬಾಗಿದ್ದ ಮಾತ್ರಕ್ಕೆ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ವರ್ಷಕ್ಕೊಮ್ಮೆ ಮೂತ್ರಪಿಂಡಗಳ ಸ್ಕ್ಯಾನಿಂಗ್ ಮಾಡಿಸುವುದು ಒಳ್ಳೆಯದು.

ಮಲವಿಸರ್ಜನೆಗೂ ಒಂದು ಸಮಯ ಬೇಕು. ದಿನವೂ ಅಥವಾ ದಿನ ಬಿಟ್ಟು ದಿನ ಒಂದೇ ಹೊತ್ತಿಗೆ ಕೂರುವ ಅಭ್ಯಾಸ ಮಾಡಿ. ಊಟ ಅಥವಾ ಬಿಸಿ ಕಾಫಿಯಾದ ಅರ್ಧ ಗಂಟೆಯೊಳಗೆ ಕರುಳು ತಾನಾಗಿ ಚುರುಕಾಗುತ್ತದೆ. ಆ ಹೊತ್ತನ್ನು ಬಳಸಿಕೊಳ್ಳಿ. ರಾಗಿ, ಸೊಪ್ಪು, ಕಾಳು, ಹಣ್ಣು ಊಟದಲ್ಲಿರಲಿ. ಸಮಯಕ್ಕೆ ಸರಿಯಾಗಿ ಹೊಟ್ಟೆ ಖಾಲಿಯಾಗುವವರು ಮಾತ್ರ ಧೈರ್ಯವಾಗಿ ಮದುವೆಗೋ ಜಾತ್ರೆಗೋ ಕೆಲಸಕ್ಕೋ ಹೋಗಬಲ್ಲರು. ಇಷ್ಟು ಸಣ್ಣ ವಿಷಯದ ಮೇಲೆ ಒಬ್ಬರ ಮಾನ ನಿಂತಿರುತ್ತದೆ.

ಎಚ್ಚರ: ಇದ್ದಕ್ಕಿದ್ದಂತೆ ತಲೆ ಸಿಡಿದರೆ

ಎದೆಯ ಆರನೇ ಮೂಳೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಒಂದು ವಿಶೇಷ ಅಪಾಯವಿದೆ. ಪೆಟ್ಟಿನ ಕೆಳಗೆ ಎಲ್ಲೋ ಕಿರಿಕಿರಿ ಉಂಟಾದಾಗ ರಕ್ತದೊತ್ತಡ ಹಠಾತ್ತನೆ ಏರುತ್ತದೆ. ತಲೆ ಸಿಡಿದಂತೆ ನೋವು, ಮುಖ ಕೆಂಪಾಗುವುದು, ಮುಖ ಕುತ್ತಿಗೆ ಬೆವರುವುದು, ಮೂಗು ಕಟ್ಟುವುದು ಇದರ ಲಕ್ಷಣ. ಹೆಚ್ಚಿನ ಸಲ ಕಾರಣ ತುಂಬಿದ ಮೂತ್ರಕೋಶ ಅಥವಾ ಮಡಚಿಕೊಂಡ ಪೈಪು. ಇಲ್ಲವೇ ಮಲಬದ್ಧತೆ, ಹುಣ್ಣು, ಬಿಗಿಯಾದ ಬಟ್ಟೆ.

ಕೂಡಲೇ ಅವರನ್ನು ನೆಟ್ಟಗೆ ಕೂರಿಸಿ. ಮಲಗಿಸಬೇಡಿ. ಬೆಲ್ಟು, ಬೂಟು, ಬಿಗಿ ಬಟ್ಟೆ ಸಡಿಲಿಸಿ. ಪೈಪು ಮಡಚಿದ್ದರೆ ನೇರ ಮಾಡಿ. ಪೈಪು ಇಲ್ಲದಿದ್ದರೆ ಹಾಕಿ ಮೂತ್ರ ತೆಗೆಯಿರಿ. ಐದು ಹತ್ತು ನಿಮಿಷದಲ್ಲಿ ಇಳಿಯದಿದ್ದರೆ ಆಸ್ಪತ್ರೆಗೆ ಹೊರಡಿ. ಇಂಥವರ ಸಾಮಾನ್ಯ ರಕ್ತದೊತ್ತಡವೇ 90ರಿಂದ 110ರಷ್ಟು ಇರುತ್ತದೆ. ಹಾಗಾಗಿ ಆಸ್ಪತ್ರೆಯಲ್ಲಿ 140 ಕಂಡರೆ ‘ಅಷ್ಟೇನೂ ಹೆಚ್ಚಿಲ್ಲ’ ಎಂದು ತೋರಬಹುದು. ಅವರ ಪಾಲಿಗೆ ಅದು ತುರ್ತು ಸ್ಥಿತಿ. ಮನೆಯಲ್ಲಿ ಅಳೆದ ಮಾಮೂಲಿ ರಕ್ತದೊತ್ತಡವನ್ನು ಒಂದು ಚೀಟಿಯಲ್ಲಿ ಬರೆದು ಸದಾ ಜೊತೆಗಿಟ್ಟುಕೊಳ್ಳಿ; ವೈದ್ಯರಿಗೆ ತೋರಿಸಿ.

ಪಾಠ ಮೂರು: ಕೀಲು, ಕುರ್ಚಿ, ಮನೆ

ಅಲುಗಾಡದ ಕೀಲು ಬಿಗಿಯುತ್ತದೆ. ಮಂಡಿ ಮಡಚಿದಂತೆಯೇ ನಿಂತುಬಿಟ್ಟರೆ ಮುಂದೆ ಕುರ್ಚಿಯಲ್ಲಿ ಸರಿಯಾಗಿ ಕೂರುವುದೂ ಕಷ್ಟ. ದಿನಕ್ಕೆ ಒಂದೆರಡು ಬಾರಿ ಸೊಂಟ, ಮಂಡಿ, ಪಾದದ ಕೀಲುಗಳನ್ನು ನಿಧಾನವಾಗಿ ಪೂರ್ತಿ ಆಡಿಸಿ. ಜೋರು ಮಾಡಬೇಡಿ, ಸ್ಪರ್ಶವಿಲ್ಲದ ಕಾಲಿನ ಮೂಳೆ ತೆಳುವಾಗಿದ್ದು ಮುರಿಯುವ ಸಂಭವವಿದೆ.

ಗಾಲಿಕುರ್ಚಿ ಚಪ್ಪಲಿಯಂತೆ, ಅಳತೆಗೆ ಸರಿಯಾಗಿರಬೇಕು. ಆಸ್ಪತ್ರೆಯ ಪಡಸಾಲೆಯಲ್ಲಿ ರೋಗಿಗಳನ್ನು ತಳ್ಳುವ ಅಗಲದ ಕುರ್ಚಿ ದಿನವಿಡೀ ಕೂರಲು ತಕ್ಕದ್ದಲ್ಲ. ಕೂತಾಗ ಮಂಡಿಯ ಹಿಂಭಾಗಕ್ಕೂ ಆಸನದ ಅಂಚಿಗೂ ಎರಡು ಬೆರಳಿನಷ್ಟು ಜಾಗ ಇರಲಿ. ಸೊಂಟದ ಪಕ್ಕದಲ್ಲಿ ತೀರ ಬಿಗಿಯೂ ಬೇಡ, ಸಡಿಲವೂ ಬೇಡ. ಪಾದಗಳು ಪಾದಪೀಠದ ಮೇಲೆ ಪೂರ್ತಿ ಕೂರಬೇಕು. ಒತ್ತಡ ತಗ್ಗಿಸುವ ದಿಂಬು ಕುರ್ಚಿಯ ಜೊತೆಗೇ ಬೇಕು. ದಾನಿಗಳು ಸಭೆಯಲ್ಲಿ ಹಂಚಿದ ಒಂದೇ ಅಳತೆಯ ಕುರ್ಚಿ ಮೂಲೆಯಲ್ಲಿ ತುಕ್ಕು ಹಿಡಿಯುವುದನ್ನೂ ಹುಣ್ಣು ತರುವುದನ್ನೂ ಕಾರ್ಯಕರ್ತರು ಬಲ್ಲರು. ಅಳತೆ ತೆಗೆದು, ಕೂರಿಸಿ ನೋಡಿ, ಬಳಕೆ ಕಲಿಸಿ, ಆಮೇಲೂ ಬಂದು ವಿಚಾರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿಯೂ ಹೇಳುತ್ತದೆ.

ಮನೆಯಲ್ಲಿ ಮಾಡಬೇಕಾದ ಬದಲಾವಣೆ ಹೆಚ್ಚೇನಿಲ್ಲ. ಹೊಸ್ತಿಲು ಅಥವಾ ಮೆಟ್ಟಿಲಿಗೆ ಇಳಿಜಾರು ಮಾಡಿ. ಎತ್ತರದ 12 ಪಟ್ಟು ಉದ್ದ ಇರಬೇಕೆಂಬುದು ಸಾಮಾನ್ಯ ಲೆಕ್ಕ; 15 ಸೆಂಟಿಮೀಟರ್ ಎತ್ತರಕ್ಕೆ 180 ಸೆಂಟಿಮೀಟರ್. ಹಾಸಿಗೆಯ ಎತ್ತರ ಕುರ್ಚಿಯ ಆಸನದ ಮಟ್ಟಕ್ಕೆ ಬಂದರೆ ಒಂದರಿಂದ ಇನ್ನೊಂದಕ್ಕೆ ಜರುಗುವುದು ಸುಲಭ. ಶೌಚಕ್ಕೆ ನಡುವೆ ರಂಧ್ರವಿರುವ ಕುರ್ಚಿಯನ್ನು ಊರಿನ ಬಡಗಿಯೂ ಮಾಡಿಕೊಡಬಲ್ಲ. ಕೂರುವ ಅಂಚಿಗೆ ಮೆತ್ತೆ ಇರಲಿ.

ಮನೆಯವರಿಗೆ ಎರಡು ಮಾತು

ಪ್ರೀತಿಯಿಂದಲೇ ಕೆಲವೊಮ್ಮೆ ಕೆಡುಕಾಗುತ್ತದೆ. ‘ನೀನು ಸುಮ್ಮನಿರು, ನಾನು ಮಾಡುತ್ತೇನೆ’ ಎಂದು ತಾಯಿ ಅನ್ನ ಕಲಸಿ ಬಾಯಿಗಿಡುತ್ತಾರೆ. ಕೈಯಲ್ಲಿ ಶಕ್ತಿ ಇದ್ದರೂ ಮಗ ಅದನ್ನು ಬಳಸುವುದಿಲ್ಲ. ಜಮೀನಿನ ಮಾತು, ಮಕ್ಕಳ ಶಾಲೆಯ ಮಾತು, ತಂಗಿಯ ಮದುವೆಯ ಮಾತು, ಎಲ್ಲವೂ ಪಕ್ಕದ ಕೋಣೆಯಲ್ಲಿ ನಡೆಯುತ್ತವೆ. ಕಾಲು ಸೋತವರ ಬುದ್ಧಿ ಸೋತಿಲ್ಲ. ಅವರ ಹಾಸಿಗೆಯ ಪಕ್ಕದಲ್ಲೇ ಕುಳಿತು ಮಾತಾಡಿ. ಮನೆಗೆ ಬಂದವರು ‘ಹೇಗಿದ್ದಾರೆ ಇವರು?’ ಎಂದು ನಿಮ್ಮನ್ನು ಕೇಳಿದರೆ, ‘ಅವರನ್ನೇ ಕೇಳಿ’ ಎನ್ನಿ.

ಪೆಟ್ಟಾದ ಮೊದಲ ವರ್ಷ ಮನಸ್ಸು ಕುಗ್ಗುವುದು ಸಹಜ. ಊಟ ನಿದ್ರೆ ಬಿಟ್ಟು, ‘ನಾನಿದ್ದು ಏನು ಪ್ರಯೋಜನ’ ಎಂದು ಪದೇಪದೇ ಹೇಳುತ್ತಿದ್ದರೆ ಅದನ್ನು ಬರೀ ಮಾತೆಂದು ತಳ್ಳಿಹಾಕಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆರೈಕೆ ಮಾಡುವವರ ಆರೋಗ್ಯವೂ ಮುಖ್ಯ. ಸಾಮಾನ್ಯವಾಗಿ ಈ ಭಾರ ಹೆಂಡತಿ ಅಥವಾ ತಾಯಿಯ ಮೇಲೆ ಬೀಳುತ್ತದೆ. ರಾತ್ರಿ ಹೊರಳಿಸುವ ಸರದಿಯನ್ನು ಮನೆಯವರು ಹಂಚಿಕೊಳ್ಳಿ. ಎತ್ತುವಾಗ ಬೆನ್ನು ಬಾಗಿಸದೆ ಮಂಡಿ ಮಡಚಿ, ಮೈಗೆ ಹತ್ತಿರ ಹಿಡಿದು ಎತ್ತುವುದನ್ನು ಕಾರ್ಯಕರ್ತರಿಂದ ಕಲಿಯಿರಿ.

ದಾಂಪತ್ಯದ ಬಗ್ಗೆ ಕೇಳಲು ಅನೇಕರು ನಾಚುತ್ತಾರೆ. ಹೆಂಗಸರಲ್ಲಿ ಕೆಲವು ತಿಂಗಳ ನಂತರ ಮುಟ್ಟು ಸಾಮಾನ್ಯವಾಗಿ ಮರಳುತ್ತದೆ, ಗರ್ಭ ಧರಿಸಬಹುದು. ಗಂಡಸರಿಗೂ ಚಿಕಿತ್ಸೆಯ ನೆರವು ಲಭ್ಯವಿದೆ. ಸಂಕೋಚಪಡದೆ ವೈದ್ಯರನ್ನು ಕೇಳಿ.

ಕಾಗದ ಪತ್ರ

ಜಿಲ್ಲಾ ಆಸ್ಪತ್ರೆಯ ತಪಾಸಣೆಯ ನಂತರ ಅಂಗವೈಕಲ್ಯದ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಗುರುತಿನ ಚೀಟಿ ಸಿಗುತ್ತದೆ. ಅರ್ಜಿಯನ್ನು ಆನ್‌ಲೈನಿನಲ್ಲೇ ಹಾಕಬೇಕು. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರು 2016ರ ಕಾಯ್ದೆಯ ಮುಖ್ಯ ಸೌಲಭ್ಯಗಳಿಗೆ ಅರ್ಹರು. ಸರ್ಕಾರಿ ಉದ್ಯೋಗದಲ್ಲಿ ಶೇ. 4 ಮೀಸಲಾತಿ ಇದೆ. ಮಾಸಾಶನ, ಬಸ್ ಪಾಸ್, ಸಲಕರಣೆಗಳಿಗೂ ಇದೇ ಚೀಟಿ ಆಧಾರ. ಸಮಾಜ ಕಾರ್ಯಕರ್ತರು ಅರ್ಜಿ ಬರೆದುಕೊಡಬಹುದು. ಆದರೆ ಕಚೇರಿಗೆ ಅಂಗವಿಕಲರೇ ಹೋಗಿ ಕೇಳುವುದನ್ನು ಕಲಿಯಲಿ ಎಂದು ಒಳ್ಳೆಯ ಕಾರ್ಯಕರ್ತರು ಬಯಸುತ್ತಾರೆ. ಮೊದಲ ಬಾರಿ ಜೊತೆಗೆ ಹೋಗುತ್ತಾರೆ, ಎರಡನೇ ಬಾರಿ ಬಾಗಿಲವರೆಗೆ, ಮೂರನೇ ಬಾರಿ ಫೋನಿನಲ್ಲಿ ವಿಚಾರಿಸುತ್ತಾರೆ. ಇದು ಅವರ ಸೋಮಾರಿತನವಲ್ಲ, ಅವರ ಕಸುಬಿನ ಪಾಠ.

ನೆನಪಿನಲ್ಲಿಡಿ

* ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ, ಕೂರಿಸಬೇಡಿ, ಆಟೋದಲ್ಲಿ ಮಡಚಿ ತುರುಕಬೇಡಿ. 108ಕ್ಕೆ ಕರೆ ಮಾಡಿ. ಕತ್ತು ಬೆನ್ನು ಅಲುಗದಂತೆ ಮೂರು ನಾಲ್ಕು ಜನ ಒಟ್ಟಿಗೆ, ಮರದ ದಿಮ್ಮಿಯಂತೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಿ.

* ಆಸ್ಪತ್ರೆಯಿಂದ ಹೊರಡುವ ಮುನ್ನವೇ ಹೊರಳಿಸುವುದು, ಪೈಪು ಹಾಕುವುದು, ಕುರ್ಚಿಗೆ ಜರುಗುವುದು, ಈ ಮೂರನ್ನು ಕಲಿಸಿಕೊಡಿ ಎಂದು ಕೇಳಿ.

* ದಿನಕ್ಕೆರಡು ಬಾರಿ ಚರ್ಮ ನೋಡಿ.

* ನಿಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಹೆಸರನ್ನೂ ಫೋನ್ ಸಂಖ್ಯೆಯನ್ನೂ ಇಂದೇ ಕೇಳಿ ಬರೆದಿಟ್ಟುಕೊಳ್ಳಿ. ನಿಮಗೆ ಬೇಕಾಗದಿದ್ದರೂ ನೆರೆಮನೆಗೆ ಬೇಕಾದೀತು.

* ಏನೇ ತೀರ್ಮಾನವಿರಲಿ, ಮೊದಲು ಅವರನ್ನೇ ಕೇಳಿ.

ಕಾಲಿನ ಶಕ್ತಿ ಮರಳುವುದು ನಮ್ಮ ಕೈಯಲ್ಲಿಲ್ಲ. ಆದರೆ ಹುಣ್ಣು ಬಾರದಂತೆ, ಸೋಂಕು ತಗುಲದಂತೆ ನೋಡಿಕೊಂಡು, ಬೆಳಿಗ್ಗೆ ಎದ್ದು ಗಾಲಿಕುರ್ಚಿಯಲ್ಲಿ ಕುಳಿತು ಊರ ಬೀದಿಗೆ ಬರುವಂತೆ ಮಾಡುವುದು ಖಂಡಿತ ನಮ್ಮ ಕೈಯಲ್ಲಿದೆ. ನಿಮ್ಮ ಬೀದಿಯಲ್ಲಿ ಅಂಥವರು ಬಂದಾಗ ಅಯ್ಯೋ ಪಾಪ ಎನ್ನಬೇಡಿ. ದಾರಿಗೆ ಅಡ್ಡ ನಿಲ್ಲಿಸಿದ ನಿಮ್ಮ ಬೈಕನ್ನು ಪಕ್ಕಕ್ಕೆ ಸರಿಸಿ, ಅಷ್ಟು ಸಾಕು.